ಹೊಗೆ, ಧೂಳು, ಮದ್ದು ಮತ್ತು ನಮ್ಮ ಶ್ವಾಸಕೋಶ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಊರು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ. ಕೆಲಸ ದೂರದ ಒಂದು ಲ್ಯಾಬಿನಲ್ಲಿ. ಶ್ವಾಸಕೋಶದ ಜೀವಕೋಶಗಳನ್ನು ಬೆಳೆಸಿ, ಅವುಗಳಿಗೆ ಹೊಗೆ, ಧೂಳು ತಾಗಿಸಿ, ಏನಾಗುತ್ತದೆ ಎಂದು ನೋಡುವುದು. ರಜೆಯಲ್ಲಿ ಊರಿಗೆ ಬಂದರೆ ಉಪನಯನದ ಊಟದ ಪಂಕ್ತಿಯಲ್ಲಿ, ಮಂಗಳೂರು ಬಸ್ಸಿನಲ್ಲಿ, ಸೊಸೈಟಿಯ ಜಗಲಿಯಲ್ಲಿ ಪ್ರಶ್ನೆಗಳು ಶುರು. ಹೊರಟ ಮೇಲೆ ಕಾಗದ, ವಾಟ್ಸಾಪ್. ಹತ್ತು ಸಲ ಹೇಳಿದ್ದನ್ನು ಹನ್ನೊಂದನೆಯ ಸಲ ಹೇಳುವಾಗ ಏನಾದರೊಂದು ಬಿಟ್ಟುಹೋಗುತ್ತದೆ, ಹಾಗಾಗಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಬಾಯಿಮಾತಿನಲ್ಲೇ ಇವೆ. ನಾನು ಡಾಕ್ಟರಲ್ಲ. ಎಕ್ಸ್‌ರೇಯ ಫೋಟೋ ಕಳಿಸಿದರೆ ನನಗೆ ಓದಲು ಬರುವುದಿಲ್ಲ.

## ಮೊದಲು ಕೇಳುವವು

ಅಕ್ಕ, ನಿಮ್ಮ ಲ್ಯಾಬಿನಲ್ಲಿ ದಿನಾ ಏನು ಮಾಡುವುದು? ಇಲಿ ಕೊಲ್ಲುವುದಾ?

ಹೆಚ್ಚಿನ ದಿನ ಇಲಿಯ ಸುದ್ದಿಯೇ ಇಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಬಾಟ್ಲಿಗಳನ್ನು ಮಲಗಿಸಿ ಇಟ್ಟಿರುತ್ತೇವೆ. ಒಳಗೆ ಗುಲಾಬಿ ಬಣ್ಣದ ದ್ರವ. ಅದರ ತಳಕ್ಕೆ ಅಂಟಿಕೊಂಡು, ಬರಿಗಣ್ಣಿಗೆ ಕಾಣದ ಪದರವಾಗಿ, ಮನುಷ್ಯರ ಶ್ವಾಸಕೋಶದ ಜೀವಕೋಶಗಳು. 37 ಡಿಗ್ರಿ ಶಾಖ, ಶೇ. 5 ಕಾರ್ಬನ್ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಬೆಳೆಯುತ್ತವೆ. ದ್ರವ ಹಳದಿಗೆ ತಿರುಗಿದರೆ ಹುಳಿ ಬಂತು, ಬದಲಿಸಬೇಕು. ದೋಸೆ ಹಿಟ್ಟಿನ ಹಾಗೆಯೇ, ಒಂದು ರಾತ್ರಿ ಮರೆತರೆ ಮುಗಿಯಿತು.

ಈ ಜೀವಕೋಶಗಳಿಗೆ ಹೊಗೆಯ ಸಾರವನ್ನೋ ಧೂಳಿನ ಕಣವನ್ನೋ ಅಳತೆ ಮಾಡಿ ಕೊಡುತ್ತೇವೆ. ಎಷ್ಟು ಸತ್ತವು, ಉಳಿದವುಗಳ ಡಿಎನ್‌ಎ ಎಷ್ಟು ತುಂಡಾಯಿತು, ಉರಿಯೂತದ ಯಾವ ಸಂಕೇತಗಳನ್ನು ಹೊರಗೆ ಬಿಟ್ಟವು ಎಂದು ನೋಡುತ್ತೇವೆ. ಜಗತ್ತಿನಾದ್ಯಂತ ಹೆಚ್ಚು ಬಳಸುವ ಎ549 ಎಂಬ ತಳಿ 1972ರಲ್ಲಿ 58 ವರ್ಷದ ಒಬ್ಬರ ಶ್ವಾಸಕೋಶದ ಗಡ್ಡೆಯಿಂದ ಬಂದದ್ದು. ಆ ಮನುಷ್ಯನ ಜೀವಕೋಶ ಇಂದಿಗೂ ಬೆಳೆಯುತ್ತಲೇ ಇದೆ. ಆದರೆ ಅದು ಆಗಲೇ ಕ್ಯಾನ್ಸರ್ ಆಗಿದ್ದ ಜೀವಕೋಶ, ಹಾಗಾಗಿ ಕ್ಯಾನ್ಸರ್ ಶುರುವಾಗುವುದು ಹೇಗೆ ಎಂಬ ಪ್ರಶ್ನೆಗೆ ಒಳ್ಳೆಯ ಸಾಕ್ಷಿಯಲ್ಲ. ಅದಕ್ಕೆ ಆರೋಗ್ಯವಂತ ಪದರದಿಂದ ತೆಗೆದ ಜೀವಕೋಶಗಳು ಬೇಕು. ಅವು ನಾಜೂಕು, ದುಬಾರಿ. ಒಂದು ಮಳೆಗಾಲದ ಆಟಿ ತಿಂಗಳಲ್ಲಿ ಕರೆಂಟು ಹೋಗಿ ಬಂದು, ಪೆಟ್ಟಿಗೆಗೆ ಬೂಷ್ಟು ಹೊಕ್ಕು ನನ್ನ ಮೂರು ವಾರದ ಕೆಲಸ ಚರಂಡಿಗೆ ಹೋಯಿತು. ಉಪ್ಪಿನಕಾಯಿ ಭರಣಿಗೆ ಬೂಷ್ಟು ಬಂದಾಗ ಅಜ್ಜಿ ಯಾಕೆ ಅಷ್ಟು ಸಿಟ್ಟಾಗುತ್ತಿದ್ದಳೆಂದು ಅವತ್ತು ಗೊತ್ತಾಯಿತು.

ಧೂಳು ಮೂಗಿನಲ್ಲೇ ನಿಲ್ಲುತ್ತದಲ್ಲ? ಒಳಗೆ ಹೋಗುವುದು ಹೇಗೆ?

ಕಣ್ಣಿಗೆ ಕಾಣುವ ಧೂಳು ಹೆಚ್ಚಾಗಿ ಮೂಗಿನಲ್ಲೇ ನಿಲ್ಲುತ್ತದೆ. ಭಯ ಪಡಬೇಕಾದ್ದು ಕಾಣದ ಧೂಳಿಗೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ಸಣ್ಣ ಕಣ ಗಂಟಲು ದಾಟಿ ಶ್ವಾಸನಾಳದ ಕವಲುಗಳವರೆಗೆ ಹೋಗುತ್ತದೆ. ಅಲ್ಲಿ ಲೋಳೆ ಅದನ್ನು ಹಿಡಿದುಕೊಳ್ಳುತ್ತದೆ, ಸಣ್ಣ ರೋಮಗಳು ಮೇಲಕ್ಕೆ ಗುಡಿಸುತ್ತವೆ. ಅಡಿಕೆ ಸುಲಿದ ಮರುದಿನ ಕಫ ಕಂದಾಗುವುದು ಈ ಗುಡಿಸುವಿಕೆಯಿಂದ. 2.5 ಮೈಕ್ರಾನಿಗಿಂತ ಸಣ್ಣದು, ಪಿಎಂ 2.5 ಎನ್ನುವುದು ಅದಕ್ಕೇ, ಕಟ್ಟಕಡೆಯ ಗಾಳಿಗೂಡುಗಳವರೆಗೆ ಇಳಿಯುತ್ತದೆ. ಅಲ್ಲಿ ಗುಡಿಸುವ ರೋಮಗಳಿಲ್ಲ. ಕಣಗಳನ್ನು ನುಂಗಲು ಮ್ಯಾಕ್ರೋಫೇಜ್ ಎಂಬ ಕಾವಲು ಜೀವಕೋಶಗಳು ಮಾತ್ರ ಇವೆ.

ಗಾಳಿಗೂಡುಗಳು ಸುಮಾರು 48 ಕೋಟಿ. ಎಲ್ಲವನ್ನೂ ಬಿಡಿಸಿ ಹರಡಿದರೆ ಒಂದು ಸಣ್ಣ ಅಡಿಕೆ ಅಂಗಳವಾಗುತ್ತದೆ, 70 ಚದರ ಮೀಟರಿನಷ್ಟು.

ನಮ್ಮದು ಹಳ್ಳಿ, ಕಡಲ ಗಾಳಿ, ಸುತ್ತ ತೋಟ. ಇಲ್ಲಿ ಎಂಥ ಮಾಲಿನ್ಯ?

ದೆಹಲಿಯಂತಲ್ಲ, ನಿಜ. ಮಳೆಗಾಲದಲ್ಲಿ ನಮ್ಮ ಗಾಳಿ ತೊಳೆದಿಟ್ಟ ಹಾಗೆ ಇರುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಸರಾಸರಿ ಮಿತಿಯನ್ನು ಒಂದು ಘನ ಮೀಟರಿಗೆ 5 ಮೈಕ್ರೋಗ್ರಾಂಗೆ ಇಳಿಸಿತು. ನಮ್ಮ ದೇಶದ ಮಿತಿ 40. ಎರಡರ ನಡುವೆ ಎಂಟು ಪಟ್ಟು ಅಂತರ. ನಮ್ಮ ಮಿತಿಯೊಳಗಿದೆ ಎಂದ ಮಾತ್ರಕ್ಕೆ ಶ್ವಾಸಕೋಶಕ್ಕೆ ಅದು ಗೊತ್ತಾಗುವುದಿಲ್ಲ.

ಇನ್ನೊಂದು, ಊರಿನ ಸರಾಸರಿ ಗಾಳಿ ಬೇರೆ, ನಿಮ್ಮ ಮೂಗಿನ ಎದುರಿನ ಗಾಳಿ ಬೇರೆ. ತಲಪಾಡಿಯಿಂದ ಕೆಳಗೆ ಹೆದ್ದಾರಿ ಅಗಲ ಮಾಡುವಾಗ ರಸ್ತೆ ಬದಿಯ ಅಂಗಡಿಯವರು ಉಸಿರಾಡಿದ್ದು ಒಳನಾಡಿನ ಎಣ್ಮಕಜೆಯ ತೋಟದ ಗಾಳಿಯನ್ನಲ್ಲ.

ಬೀಡಿ ಸಿಗರೇಟು ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಮತ್ತೆ ಬೀಡಿಗೆ ಬೈಯುವುದು ಯಾಕೆ?

ಈ ಪ್ರಶ್ನೆಯನ್ನು ಕೇಳುವವರು ಹೆಚ್ಚಾಗಿ ಬೀಡಿ ಹಚ್ಚಿಕೊಂಡೇ ಕೇಳುತ್ತಾರೆ.

ಎರಡೂ ನಿಜ. ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದುವವರ ಶ್ವಾಸಕೋಶದ ಪ್ರತಿ ಜೀವಕೋಶದಲ್ಲಿ ವರ್ಷಕ್ಕೆ ಸರಾಸರಿ 150 ಹೆಚ್ಚುವರಿ ಡಿಎನ್‌ಎ ತಪ್ಪುಗಳು ಸೇರುತ್ತವೆ ಎಂದು 2016ರಲ್ಲಿ ಲೆಕ್ಕ ಹಾಕಿದರು. ಈ ಮಟ್ಟದ ಹಾನಿ ಮಾಡುವ ಇನ್ನೊಂದು ವಸ್ತು ನಮ್ಮ ದಿನಬಳಕೆಯಲ್ಲಿಲ್ಲ. ಸೇದದವರಿಗೆ ಬರುವ ಕ್ಯಾನ್ಸರ್ ಹೆಚ್ಚಾಗಿ ಬೇರೆ ಬಗೆಯದು. ಅದರಲ್ಲಿ ಇಜಿಎಫ್‌ಆರ್ ಎಂಬ ಜೀನಿನ ತಪ್ಪು ಎದ್ದು ಕಾಣುತ್ತದೆ, ಏಷ್ಯಾದ ಹೆಂಗಸರಲ್ಲಿ ಇನ್ನೂ ಹೆಚ್ಚು. ಹಾವು ಕಚ್ಚದೆಯೂ ಜನ ಸಾಯುತ್ತಾರೆ ಅಂತ ಹಾವನ್ನು ಮಡಿಲಲ್ಲಿ ಇಟ್ಟುಕೊಳ್ಳುವವರಿಲ್ಲ.

ಅಡಿಕೆಯನ್ನು ಒಂದನೇ ಗುಂಪಿನ ವಿಷ ಅಂತ ಹಾಕಿದ್ದಾರಂತೆ. ಸಿಗರೇಟಿನಷ್ಟೇ ಕೆಟ್ಟದಾ?

ತೋಟ ಇರುವ ಮನೆಯಲ್ಲಿ ಹುಟ್ಟಿದವಳಾಗಿ ಈ ಉತ್ತರ ಬರೆಯುವುದು ಸುಲಭವಲ್ಲ. ನನ್ನ ಕಾಲೇಜಿನ ಫೀಸು ಕಟ್ಟಿದ್ದು ಅಡಿಕೆ.

ಫ್ರಾನ್ಸಿನ ಲಿಯಾನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಇದೆ, ಐಎಆರ್‌ಸಿ. ಅವರು ವಸ್ತುಗಳನ್ನು ಗುಂಪು ಮಾಡುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದರ ಮೇಲೆ. ವಸ್ತು ಎಷ್ಟು ಖಾರ ಎಂಬುದರ ಮೇಲಲ್ಲ. ಕಳ್ಳತನ ಸಾಬೀತಾಯಿತು ಎಂದರೆ ಕದ್ದದ್ದು ನಿಜ ಎಂದಷ್ಟೆ. ತೆಂಗಿನಕಾಯಿ ಕದ್ದನೋ ಬ್ಯಾಂಕು ಒಡೆದನೋ ಎಂದು ಅದರಿಂದ ತಿಳಿಯುವುದಿಲ್ಲ. ಒಂದನೇ ಗುಂಪಿನಲ್ಲಿ ತಂಬಾಕಿನ ಹೊಗೆ, ಆಸ್ಬೆಸ್ಟಾಸ್, ಡೀಸೆಲ್ ಹೊಗೆ, 2013ರಿಂದ ಹೊರಗಿನ ಗಾಳಿಯ ಮಾಲಿನ್ಯ, ಜೊತೆಗೆ 2004ರಿಂದ ಅಡಿಕೆಯೂ ಇದೆ. ಅಡಿಕೆಯ ಸಾಕ್ಷ್ಯ ಬಾಯಿಯ ಕ್ಯಾನ್ಸರಿಗೆ ಸಂಬಂಧಿಸಿದ್ದು, ಜಗಿದು ಕೆನ್ನೆಯಲ್ಲಿ ಇಟ್ಟುಕೊಳ್ಳುವವರ ಬಗ್ಗೆ. ಬಾಯಿಯ ವಿಷಯದಲ್ಲಿ ಆ ಸಾಕ್ಷ್ಯ ಗಟ್ಟಿಯಾಗಿಯೇ ಇದೆ. ನಮ್ಮವರು ಸಭೆ ಕರೆದು ಅಲ್ಲ ಎಂದು ನಿರ್ಣಯ ಮಾಡಿದರೆ ಅದು ಬದಲಾಗುವುದಿಲ್ಲ.

## ಮನೆ, ತೋಟ, ಕೂಲಿ

ಬಚ್ಚಲ ಒಲೆಯ ಹೊಗೆಯಿಂದ ಕ್ಯಾನ್ಸರ್ ಬರುತ್ತದಾ? ನಮ್ಮ ಅಜ್ಜಿ ತೊಂಬತ್ತು ದಾಟಿದ್ದರು.

ಒಮ್ಮೆ ಊರಿಗೆ ಬರುವಾಗ ಗಾಳಿ ಎಳೆಯುವ ಸಣ್ಣ ಪಂಪು ತಂದಿದ್ದೆ. ಅಮ್ಮ ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯಿಸುವಾಗ ಬಚ್ಚಲ ಮನೆಯ ಬಾಗಿಲಿನ ಮೊಳೆಗೆ ತೂಗಿಹಾಕಿದೆ. ಒಲೆಗೆ ಮಡಲು, ಅಡಿಕೆ ಸಿಪ್ಪೆ, ಮೇಲೊಂದು ಹಸಿ ಕೊಂಬೆ. ನಲವತ್ತು ನಿಮಿಷದಲ್ಲಿ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಬಿಳಿ ಫಿಲ್ಟರ್ ಕಾಡಿಗೆಯ ಹಾಗಾಯಿತು. ಪೇಟೆಯ ರಸ್ತೆ ಬದಿಯಲ್ಲಿ ಇಡೀ ದಿನ ಇಟ್ಟರೂ ನಮಗೆ ಸಿಗುವುದು ಬೂದು ಬಣ್ಣ. ಅಮ್ಮನಿಗೆ ತೋರಿಸಿದರೆ, "ಇದಕ್ಕೆ ಅಷ್ಟು ದೊಡ್ಡ ಮಿಶನ್ ಯಾಕೆ? ಮಾಡಿನ ಮಸಿ ನೋಡಿದರೆ ಸಾಲದಾ?" ಎಂದಳು.

ಮಸಿಯಲ್ಲಿ ಕ್ಯಾನ್ಸರ್ ತರಬಲ್ಲ ಬೆನ್ಜೋಪೈರೀನ್‌ನಂಥ ವಸ್ತುಗಳಿವೆ. ಐಎಆರ್‌ಸಿ ಮನೆಯೊಳಗೆ ಕಲ್ಲಿದ್ದಲು ಸುಡುವ ಹೊಗೆಯನ್ನು ಒಂದನೇ ಗುಂಪಿಗೂ, ಸೌದೆಯ ಹೊಗೆಯನ್ನು ಅದರ ಕೆಳಗಿನ 2ಎ ಗುಂಪಿಗೂ ಹಾಕಿದೆ. 2ಎ ಎಂದರೆ ಬಹುಮಟ್ಟಿಗೆ ಹೌದು, ಆದರೆ ಮನುಷ್ಯರ ಮೇಲಿನ ಸಾಕ್ಷ್ಯ ಇನ್ನೂ ಪೂರ್ತಿಯಾಗಿಲ್ಲ. ಕಲ್ಲಿದ್ದಲಿನ ವಿಷಯ ಗಟ್ಟಿಯಾದದ್ದು ಚೀನಾದ ಶುವಾನ್ವೇ ಎಂಬಲ್ಲಿ. ಅಲ್ಲಿ ಬೀಡಿ ಸಿಗರೇಟು ಸೇದದ ಹೆಂಗಸರಲ್ಲೂ ಶ್ವಾಸಕೋಶದ ಕ್ಯಾನ್ಸರ್ ಹೇರಳವಾಗಿತ್ತು. ಹೊಗೆ ಕಾರುವ ಒಂದು ಬಗೆಯ ಕಲ್ಲಿದ್ದಲನ್ನು ಚಿಮಣಿಯಿಲ್ಲದ ಗುಂಡಿ ಒಲೆಯಲ್ಲಿ ಉರಿಸುತ್ತಿದ್ದರು. ಒಲೆಗೆ ಚಿಮಣಿ ಹಾಕಿಸಿದ ಮನೆಗಳಲ್ಲಿ ಕ್ರಮೇಣ ಕ್ಯಾನ್ಸರ್ ಶೇ. 40ಕ್ಕಿಂತ ಹೆಚ್ಚು ಕಡಿಮೆಯಾಯಿತು ಎಂದು 2002ರಲ್ಲಿ ವರದಿಯಾಯಿತು. ಇಂಧನ ಅದೇ, ಮನೆಯವರು ಅವರೇ, ಬದಲಾದದ್ದು ಒಂದು ಕೊಳವೆ.

ತೊಂಬತ್ತು ದಾಟಿದ ಅಜ್ಜಿಯಂದಿರು ಎಲ್ಲ ಮನೆಯಲ್ಲೂ ಇದ್ದರು. ದಾಟದವರ ಲೆಕ್ಕ ಯಾರೂ ಇಡಲಿಲ್ಲ. ಕ್ಯಾನ್ಸರ್ ಬಿಡಿ, ಸೌದೆಯ ಹೊಗೆಯಿಂದ ಬರುವ ದಮ್ಮು, ವರ್ಷಗಟ್ಟಲೆ ಬಿಡದ ಕೆಮ್ಮು ಇವಕ್ಕೆ ಯಾರ ಅನುಮಾನವೂ ಇಲ್ಲ.

ಒಂದು ಸೊಳ್ಳೆ ಬತ್ತಿ ನೂರು ಸಿಗರೇಟಿಗೆ ಸಮ ಅಂತ ವಾಟ್ಸಾಪಿನಲ್ಲಿ ಬಂತು.

ಅರ್ಧ ನಿಜ. 2003ರ ಒಂದು ಅಧ್ಯಯನದಲ್ಲಿ ಒಂದು ಸುರುಳಿ ಉರಿದು ಮುಗಿಯುವಾಗ ಬಿಡುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟು ಬಿಡುವಷ್ಟು ಎಂದು ಕಂಡಿತ್ತು. ಅದು ಕೋಣೆಗೆ ಹೋಗುವ ಹೊಗೆಯ ತೂಕ. ನೀವು ನೂರು ಸಿಗರೇಟು ಎಳೆದಂತೆ ಎಂದರ್ಥವಲ್ಲ. ಆದರೂ ಕಿಟಕಿ ಮುಚ್ಚಿ, ಮಗುವಿನ ತೊಟ್ಟಿಲ ಕೆಳಗೆ ಬತ್ತಿ ಇಡುವುದು ಬೇಡ. ಸೊಳ್ಳೆ ಪರದೆ ಇದೆಯಲ್ಲ.

ಅಡಿಕೆಗೆ ಬಿಡುವ ಮದ್ದು ಬರೀ ಮೈಲುತುತ್ತು, ಸುಣ್ಣ. ಅದರಿಂದ ಶ್ವಾಸಕೋಶಕ್ಕೆ ಏನೂ ಆಗುವುದಿಲ್ಲ ಅಲ್ಲವಾ ಮಗಳೇ?

ನಮ್ಮಲ್ಲಿ ಮದ್ದು ಎಂದರೆ ಜ್ವರಕ್ಕೆ ಕುಡಿಯುವುದೂ ಹೌದು, ಅಡಿಕೆಯ ಕೊಳೆರೋಗಕ್ಕೆ ಬಿಡುವುದೂ ಹೌದು. ಈ ಒಂದೇ ಶಬ್ದ ನಮ್ಮನ್ನು ಬಹಳ ಮೋಸ ಮಾಡಿದೆ.

ಮೈಲುತುತ್ತು, ಸುಣ್ಣ ಬೆರೆಸಿದ ಈ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಬಂದದ್ದು. ಅದು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ತಿಳಿದದ್ದೂ ದ್ರಾಕ್ಷಿ ತೋಟದಿಂದಲೇ. 1969ರಲ್ಲಿ ಪೋರ್ಚುಗಲ್ಲಿನ ಇಬ್ಬರು ವೈದ್ಯರು, ಪಿಮೆಂಟೆಲ್ ಮತ್ತು ಮಾರ್ಕೆಸ್, ವರ್ಷಗಟ್ಟಲೆ ಇದನ್ನು ಸಿಂಪಡಿಸಿದ ಕೆಲಸಗಾರರಲ್ಲಿ ಹೊಸ ಕಾಯಿಲೆಯೊಂದನ್ನು ಗುರುತಿಸಿದರು. ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಂಟುಗಳು, ಒಳಗೆ ನೋಡಿದರೆ ತಾಮ್ರ. ಕ್ಷಯವೆಂದು ತಪ್ಪು ತಿಳಿಯುವಷ್ಟು ಹೋಲಿಕೆ. ಸಂಶಯ ನಿವಾರಣೆಗೆ ಅವರು ಗಿನಿಯಿಲಿಗಳಿಗೆ ಅದೇ ದ್ರಾವಣದ ಹನಿಗಳನ್ನು ಉಸಿರಾಡಿಸಿದರು. ಅವುಗಳಲ್ಲೂ ಅಂಥವೇ ಗಂಟುಗಳು ಎದ್ದವು. ಮನುಷ್ಯರಲ್ಲಿ ಕಂಡದ್ದನ್ನು ಲ್ಯಾಬಿಗೆ ತಂದು, ಕಾರಣ ಇದೇ ಎಂದು ತೋರಿಸಿದ ರೀತಿ ನನಗೆ ಈಗಲೂ ಮೆಚ್ಚಿಗೆ. ಈ ಗಂಟುಗಳು ಕ್ಯಾನ್ಸರ್ ಅಲ್ಲ. ಕ್ಯಾನ್ಸರಿನ ಜೊತೆಗಿನ ಸಂಬಂಧ ಗಟ್ಟಿಯಾಗಿ ಸ್ಥಾಪಿತವಾಗಿಲ್ಲ. ಆದರೆ ಏನೂ ಆಗುವುದಿಲ್ಲ ಎಂಬ ಮಾತು ಖಂಡಿತ ಸುಳ್ಳು.

ಮೊದಲು ಮರದ ತಲೆಯಲ್ಲಿ ಕೂತು ಬಿಡುತ್ತಿದ್ದರು, ಹನಿ ಕೆಳಗೆ ಬೀಳುತ್ತಿತ್ತು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರದಿಂದ ಬೀಳುವ ಭಯ ಹೋಯಿತು, ಆದರೆ ಮುಖ ಮೇಲೆ ಮಾಡಿ ನಿಂತವನ ಮೇಲೆಯೇ ನೀಲಿ ಮಂಜು ಇಳಿಯುತ್ತದೆ. ಮುಖಕ್ಕೆ ಕಟ್ಟಿದ ಬೈರಾಸು ಹತ್ತು ನಿಮಿಷದಲ್ಲಿ ಒದ್ದೆಯಾಗಿ, ಆಮೇಲೆ ಮದ್ದನ್ನೇ ಮೂಗಿಗೆ ಒತ್ತಿ ಹಿಡಿದ ಹಾಗೆ. ಗಾಳಿಗೆ ಬೆನ್ನು ಹಾಕಿ ನಿಲ್ಲುವುದು, ಫಿಲ್ಟರ್ ಡಬ್ಬಿ ಇರುವ ರಬ್ಬರ್ ಮಾಸ್ಕ್ ಹಾಕುವುದು, ಇಡೀ ದಿನ ಒಬ್ಬರೇ ಮದ್ದು ಬಿಡುವ ಬದಲು ಸರದಿ ಮಾಡುವುದು, ಇಷ್ಟನ್ನಾದರೂ ಮಾಡಬಹುದು.

ಅಡಿಕೆ ಸುಲಿಯುವಾಗ ಬರುವ ಧೂಳು?

ಚೆನ್ನಾಗಿ ಒಣಗಿದ್ದರೆ ಸಿಪ್ಪೆಯ ನಾರು, ಮಣ್ಣು. ಮಳೆ ತಾಗಿ ಬೂಷ್ಟು ಹಿಡಿದಿದ್ದರೆ ಲೆಕ್ಕ ಬೇರೆ. ಬೂಷ್ಟಿನ ಬೀಜಕಣಗಳು 2ರಿಂದ 5 ಮೈಕ್ರಾನಿನಷ್ಟು, ಆಳಕ್ಕೆ ಇಳಿಯಲು ಸರಿಯಾದ ಗಾತ್ರ. ಬೂಷ್ಟು ಹಿಡಿದ ಹುಲ್ಲಿನಿಂದ ಬರುವ ರೈತರ ಶ್ವಾಸಕೋಶ ಎಂಬ ಅಲರ್ಜಿ ಕಾಯಿಲೆ ಪ್ರಸಿದ್ಧ. ಸುಲಿದ ದಿನ ಸಂಜೆ ಚಳಿ ಜ್ವರ, ಎದೆ ಬಿಗಿತ, ಎರಡು ದಿನದಲ್ಲಿ ತಾನೇ ಇಳಿಯುವುದು, ಮುಂದಿನ ವಾರ ಮತ್ತೆ ಅದೇ. ಹೀಗೆ ಆಗುತ್ತಿದ್ದರೆ ಡಾಕ್ಟರಲ್ಲಿ ಸುಲಿದ ವಿಷಯವನ್ನೂ ಹೇಳಿ. ಅವರಾಗಿ ಕೇಳುವುದಿಲ್ಲ.

ನಾನು ಬೀಡಿ ಸೇದುವುದಿಲ್ಲ ಅಕ್ಕ, ಕಟ್ಟುವುದು ಮಾತ್ರ. ಮೂವತ್ತು ವರ್ಷ ಆಯಿತು.

ಉಪ್ಪಳ, ಮಂಜೇಶ್ವರ, ಕುಂಬಳೆ ಕಡೆಯ ಹೆಂಗಸರು ಕೇಳುವ ಪ್ರಶ್ನೆ ಇದು. ತೊಡೆಯ ಮೇಲೆ ಮೊರದಂಥ ತಡ್ಪೆ, ಅದರಲ್ಲಿ ಸೊಪ್ಪು, ಪಕ್ಕದಲ್ಲಿ ಮಗು.

ಹೊಗೆಸೊಪ್ಪಿನ ಪುಡಿ ಮೂಗಿನಿಂದಲೂ ಚರ್ಮದಿಂದಲೂ ಒಳಗೆ ಹೋಗುತ್ತದೆ. ಮುಂಬೈಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 1990ರ ದಶಕದಲ್ಲಿ ಬೀಡಿ ಉದ್ಯಮದ ಕಾರ್ಮಿಕರ ಮೂತ್ರ, ರಕ್ತಗಳನ್ನು ಪರೀಕ್ಷಿಸಿದರು. ನಿಕೋಟಿನ್ ದೇಹದೊಳಗೆ ಬದಲಾಗಿ ಆಗುವ ಕೋಟಿನಿನ್ ಅವರ ಮೂತ್ರದಲ್ಲಿ ಸಿಕ್ಕಿತು. ಸೊಪ್ಪು ಸಂಸ್ಕರಿಸುವವರ ರಕ್ತಕಣಗಳಲ್ಲಿ ಕ್ರೋಮೋಸೋಮುಗಳ ಹಾನಿ ಉಳಿದವರಿಗಿಂತ ಹೆಚ್ಚು ಕಂಡಿತು. ಇದು ಕ್ಯಾನ್ಸರಿನ ಲೆಕ್ಕವಲ್ಲ, ಹಾನಿಯ ಗುರುತು. ಮಾಡು ಸೋರುತ್ತಿದೆ ಎಂದರೆ ಮನೆ ಬಿತ್ತು ಎಂದಲ್ಲ, ಹಾಗೆಯೇ ಸೋರದೆ ಇದೆ ಎಂದೂ ಅಲ್ಲ. ಮಲಗುವ ಕೋಣೆಯಲ್ಲಿ ಕಟ್ಟಬೇಡಿ, ಜಗಲಿಯಲ್ಲಿ ಕಟ್ಟಿ. ಸೊಪ್ಪಿನ ಚೀಲವನ್ನು ಮಕ್ಕಳಿಂದ ದೂರ ಇಡಿ. ಉಣ್ಣುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಕೂಲಿ ಬಿಡಿ ಎಂದು ಹೇಳುವ ಯೋಗ್ಯತೆ ನನಗಿಲ್ಲ.

ಕೆಂಪುಕಲ್ಲಿನ ಪಣೆಯಲ್ಲಿ ಕೆಲಸ. ಸಿಲಿಕೋಸಿಸ್ ನಮಗೂ ಬರುತ್ತದಾ?

ಸಿಲಿಕೋಸಿಸ್ ಎಂದರೆ ಕಲ್ಲಿನ ಧೂಳಿನಲ್ಲಿರುವ ಸ್ಫಟಿಕ ಸಿಲಿಕಾದಿಂದ ಬರುವ ಶ್ವಾಸಕೋಶದ ಕಾಯಿಲೆ. ಕೆಂಪುಕಲ್ಲು, ಅಂದರೆ ಮುರಕಲ್ಲಿನಲ್ಲಿ ಹೆಚ್ಚು ಇರುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು. ಸ್ಫಟಿಕ ಸಿಲಿಕಾ ಜಾಗಕ್ಕೆ ತಕ್ಕಂತೆ ಹೆಚ್ಚುಕಡಿಮೆ. ಕಪ್ಪು ಕಲ್ಲಿನ ಕ್ರಷರಿನಲ್ಲಿ ಅಪಾಯ ಬಹಳ ದೊಡ್ಡದು. ಸ್ಫಟಿಕ ಸಿಲಿಕಾವನ್ನು 1997ರಲ್ಲೇ ಒಂದನೇ ಗುಂಪಿಗೆ ಸೇರಿಸಿದ್ದಾರೆ.

ಲ್ಯಾಬಿನಲ್ಲಿ ಕಂಡದ್ದು ಹೀಗೆ. ಕಾವಲು ಜೀವಕೋಶ ಸಿಲಿಕಾ ಕಣವನ್ನು ನುಂಗುತ್ತದೆ, ಕರಗಿಸಲು ಆಗುವುದಿಲ್ಲ, ಅದರ ಜೀರ್ಣದ ಚೀಲವೇ ಒಡೆಯುತ್ತದೆ. ಸಾಯುವ ಮೊದಲು ಉರಿಯೂತದ ಕೂಗು ಹಾಕುತ್ತದೆ. ಸತ್ತ ಮೇಲೆ ಆ ಕಣ ಹೊರಬಿದ್ದು ಇನ್ನೊಂದು ಜೀವಕೋಶದ ಬಾಯಿಗೆ. ಹೀಗೆ ವರ್ಷಗಟ್ಟಲೆ. ಆಗತಾನೆ ಒಡೆದ ಸಿಲಿಕಾ ಹಳೆಯ ಧೂಳಿಗಿಂತ ಹೆಚ್ಚು ತೀಕ್ಷ್ಣ ಎಂಬುದೂ ಪ್ರಯೋಗದಲ್ಲಿ ಕಂಡಿದೆ, ಆದ್ದರಿಂದ ಗರಗಸದ ಬಾಯಲ್ಲಿ ನಿಂತವನಿಗೇ ಪೆಟ್ಟು ಜೋರು. ಕಡಿಯುವಾಗ ನೀರು ಬಿಡುವುದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ನಮ್ಮದು ಆಸ್ಬೆಸ್ಟಾಸ್ ಶೀಟಿನ ಮಾಡು. ಇವತ್ತೇ ತೆಗೆಸಬೇಕಾ?

ಹೆದರಿ ಒಡೆಯಬೇಡಿ. ಗಟ್ಟಿ ಇರುವ ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಬಂದಿಯಾಗಿರುತ್ತವೆ. ಕೊರೆಯುವಾಗ, ಗರಗಸ ಹಾಕುವಾಗ, ಒಡೆದು ಗುಡ್ಡೆ ಹಾಕುವಾಗ ಹಾರುತ್ತವೆ. ಎಳೆಯ ರಸಾಯನಕ್ಕಿಂತ ಅದರ ಆಕಾರ ಮುಖ್ಯ ಎಂದು ಅಮೆರಿಕದ ಸ್ಟಾಂಟನ್ 1981ರಲ್ಲಿ ಇಲಿಗಳಲ್ಲಿ ತೋರಿಸಿದ್ದರು. 8 ಮೈಕ್ರಾನಿಗಿಂತ ಉದ್ದ, ಕಾಲು ಮೈಕ್ರಾನಿಗಿಂತ ತೆಳು ಇದ್ದರೆ ಗಡ್ಡೆ ಹೆಚ್ಚು. ಕಾವಲು ಜೀವಕೋಶ ಅದನ್ನು ಪೂರ್ತಿ ನುಂಗಲಾರದು, ಕೆರೆಹಾವನ್ನು ನುಂಗಲು ಹೊರಟ ಕಪ್ಪೆಯ ಅವಸ್ಥೆ. ತೆಗೆಯುವುದೇ ಆದರೆ ಒದ್ದೆ ಮಾಡಿ, ಇಡಿಯಾಗಿ ಇಳಿಸಿ. ತುಂಡುಗಳನ್ನು ದಾರಿಯ ಹೊಂಡಕ್ಕೆ ತುಂಬಬೇಡಿ.

ಎಂಡೋಸಲ್ಫಾನಿನಿಂದ ಕ್ಯಾನ್ಸರ್ ಬಂದದ್ದು ಹೌದೋ ಅಲ್ಲವೋ, ಒಂದೇ ಮಾತಿನಲ್ಲಿ ಹೇಳಿ.

ಒಂದೇ ಮಾತಿನಲ್ಲಿ ಹೇಳುವವರು ಇಪ್ಪತ್ತೈದು ವರ್ಷದಿಂದ ಎರಡೂ ಕಡೆ ಇದ್ದಾರೆ. ನಾನು ಮೂರು ಮಾತು ಹೇಳುತ್ತೇನೆ.

ನಮ್ಮ ಜಿಲ್ಲೆಯ ಗೇರು ತೋಟದ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಬಿಟ್ಟದ್ದು ನಿಜ. ಪಡ್ರೆಯ ವೈದ್ಯ ಡಾ. ಮೋಹನ ಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ ಇದನ್ನು ಹೊರಗೆ ತಂದದ್ದು, 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿದ್ದು, 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿದ್ದು ಎಲ್ಲರಿಗೂ ಗೊತ್ತು.

ಲ್ಯಾಬಿನಲ್ಲಿ ಇದು ನರಗಳ ಮೇಲೆ ಎರಗುವ ವಿಷ ಎಂಬುದರಲ್ಲಿ ಎರಡು ಮಾತಿಲ್ಲ. ಮೆದುಳನ್ನು ಶಾಂತವಾಗಿಡುವ ಗಾಬಾ ಎಂಬ ಸಂಕೇತವನ್ನು ತಡೆಯುತ್ತದೆ. 1994ರಲ್ಲಿ ಆನಾ ಸೋಟೊ ತಂಡ, ಎಂಡೋಸಲ್ಫಾನ್ ಹಾಕಿದಾಗ ಸ್ತನ ಕ್ಯಾನ್ಸರಿನ ಜೀವಕೋಶಗಳು ಈಸ್ಟ್ರೋಜನ್ ಸಿಕ್ಕಂತೆ ಬೆಳೆಯುತ್ತವೆ ಎಂದು ತೋರಿಸಿತು.

ಆದರೆ ಬಟ್ಟಲಿನೊಳಗಿನ ಜೀವಕೋಶ ಬೆಳೆಯುವುದು ಬೇರೆ, ಮನುಷ್ಯರಲ್ಲಿ ಕ್ಯಾನ್ಸರ್ ಬರುವುದು ಬೇರೆ. ಐಎಆರ್‌ಸಿಯ ಒಂದನೇ ಗುಂಪಿನಲ್ಲಿ ಎಂಡೋಸಲ್ಫಾನ್ ಇಲ್ಲ. ಇದನ್ನು ಹೇಳಿದರೆ ಕಂಪೆನಿಯ ಪರ ಎನ್ನುತ್ತಾರೆ. ಒಂದು ವಿಷ ಅಪರಾಧಿಯಾಗಲು ಎಲ್ಲ ಕಾಯಿಲೆಗೂ ಅದೇ ಕಾರಣ ಆಗಬೇಕಾಗಿಲ್ಲ. ನರಕ್ಕೆ, ಹುಟ್ಟುವ ಮಗುವಿಗೆ ಆದದ್ದೇ ಸಾಕು. ಸಾಬೀತಾಗದ್ದನ್ನು ಸಾಬೀತಾದದ್ದರ ಜೊತೆ ಕಟ್ಟಿದರೆ, ಎದುರಿನವರು ಬಿಚ್ಚುವುದು ಆ ಸಡಿಲ ಗಂಟನ್ನೇ.

## ಪ್ರಯೋಗದ ಒಳಗೆ

ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ಮೊದಲು ಹೇಗೆ ತೋರಿಸಿದರು?

1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವವರ ವೃಷಣದ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದರು. ಲ್ಯಾಬಿನಲ್ಲಿ ಅದನ್ನು ಮಾಡಿ ತೋರಿಸಲು 140 ವರ್ಷ ಹಿಡಿಯಿತು. ಹಲವರು ಯತ್ನಿಸಿ, ಕೆಲವು ವಾರಕ್ಕೇ ಕೈಬಿಟ್ಟಿದ್ದರು. ಟೋಕಿಯೋದ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ಕಲ್ಲಿದ್ದಲಿನ ಡಾಂಬರನ್ನು ತಿಂಗಳುಗಟ್ಟಲೆ ಬಿಡದೆ ಹಚ್ಚಿದರು. 1915ರಲ್ಲಿ ಕ್ಯಾನ್ಸರ್ ಎದ್ದದ್ದನ್ನು ವರದಿ ಮಾಡಿದರು. ಆಮೇಲೆ ಲಂಡನ್ನಿನ ಕೆನವೇ ತಂಡ ಎರಡು ಟನ್ ಡಾಂಬರಿನ ಗಸಿಯನ್ನು ಸೋಸಿ ಸೋಸಿ, 1933ರಲ್ಲಿ ಅದರೊಳಗಿನ ಅಪರಾಧಿಯನ್ನು ಬೇರ್ಪಡಿಸಿತು. ಅದೇ ಬೆನ್ಜೋಪೈರೀನ್, ಅಮ್ಮನ ಬಚ್ಚಲ ಮಾಡಿನಲ್ಲೂ ಇರುವುದು.

ಆ ಬೆನ್ಜೋಪೈರೀನ್ ಒಳಗೆ ಹೋಗಿ ಏನು ಮಾಡುತ್ತದೆ?

ತನ್ನಷ್ಟಕ್ಕೆ ಹೆಚ್ಚೇನೂ ಮಾಡದು. ಕೆಡಿಸುವುದು ನಮ್ಮ ದೇಹವೇ. ಎಣ್ಣೆಯಂಥ ಈ ವಸ್ತುವನ್ನು ನೀರಿನಲ್ಲಿ ಕರಗಿಸಿ ಹೊರಹಾಕಲು ಜೀವಕೋಶದ ಕಿಣ್ವಗಳು ಅದಕ್ಕೆ ಆಮ್ಲಜನಕ ಸೇರಿಸುತ್ತವೆ. ನಡುವಿನ ಒಂದು ಹಂತದಲ್ಲಿ ಅದು ಡಿಎನ್‌ಎಗೆ ಅಂಟುವ ರೂಪ ತಾಳುತ್ತದೆ, ಅದರ ಗ್ವಾನಿನ್ (ಜಿ) ಎಂಬ ಅಕ್ಷರದ ಮೇಲೆ ಕೂರುತ್ತದೆ. ಜೀವಕೋಶ ಒಂದು ಎರಡಾಗುವಾಗ ಆ ಅಕ್ಷರವನ್ನು ತಪ್ಪಾಗಿ ಓದಿ ಜಿ ಜಾಗದಲ್ಲಿ ಟಿ ಬರೆಯುತ್ತದೆ. 1996ರಲ್ಲಿ ಅಮೆರಿಕದ ಸಂಶೋಧಕರು ಪಿ53 ಎಂಬ ರಕ್ಷಕ ಜೀನಿನಲ್ಲಿ ಇದು ಎಲ್ಲಿ ಅಂಟುತ್ತದೆ ಎಂದು ನೋಡಿದರು. 157, 248, 273 ಎಂಬ ಸ್ಥಾನಗಳು ಸಿಕ್ಕವು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಆ ಜೀನು ಹೆಚ್ಚಾಗಿ ಕೆಟ್ಟಿರುವುದೂ ಅಲ್ಲಿಯೇ. ಕಳ್ಳನ ಕಾಲಿನ ಅಳತೆ ಹೆಜ್ಜೆಗುರುತಿಗೆ ಸರಿಹೊಂದಿದ ಹಾಗೆ.

ಇಲಿಗೆ ಬಂದದ್ದು ನಮಗೂ ಬರಬೇಕೆಂದು ಏನು?

ಏನೂ ಇಲ್ಲ. ಕ್ಯಾನ್ಸರಿನ ಪೂರ್ತಿ ಪರೀಕ್ಷೆಯಲ್ಲಿ ಪ್ರತಿ ಗುಂಪಿಗೆ ಕನಿಷ್ಠ 50 ಗಂಡು, 50 ಹೆಣ್ಣು ಇಲಿಗಳನ್ನಿಟ್ಟು ಸುಮಾರು ಎರಡು ವರ್ಷ ನೋಡುತ್ತಾರೆ. ಇಷ್ಟು ಕಡಿಮೆ ಪ್ರಾಣಿಗಳಲ್ಲಿ ಅಪರೂಪದ ಪರಿಣಾಮ ಕಾಣಬೇಕಾದರೆ ಪ್ರಮಾಣ ಹೆಚ್ಚು ಕೊಡಲೇಬೇಕು. ಆಗ ಇಲಿಯ ಶ್ವಾಸಕೋಶ ಧೂಳಿನ ಹೊರೆಗೇ ಸೋತು ಗಡ್ಡೆ ಏಳುವುದುಂಟು. ಇತ್ತ ಸಿಗರೇಟಿನ ಹೊಗೆಯಲ್ಲಿ ಉಲ್ಟಾ ಆಯಿತು. ಇಲಿಗಳು ಮೂಗಿನಿಂದ ಮಾತ್ರ ಉಸಿರಾಡುತ್ತವೆ, ಹೊಗೆ ಕಂಡರೆ ಉಸಿರು ಸಣ್ಣದು ಮಾಡುತ್ತವೆ. ಅವುಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ತರಿಸಲು ದಶಕಗಳ ಕಾಲ ಒದ್ದಾಡಬೇಕಾಯಿತು. ಇಲಿಯನ್ನು ಮಾತ್ರ ನಂಬಿದ್ದರೆ ಸಿಗರೇಟು ಖುಲಾಸೆಯಾಗುತ್ತಿತ್ತು.

ಅದಕ್ಕೇ ಮನುಷ್ಯರ ಜೀವಕೋಶಗಳನ್ನು ಒಂದು ಕಡೆ ಗಾಳಿ, ಒಂದು ಕಡೆ ದ್ರವ ಇರುವಂತೆ ತೆಳು ಪರದೆಯ ಮೇಲೆ ಬೆಳೆಸುತ್ತಾರೆ. 2010ರಲ್ಲಿ ಹಾರ್ವರ್ಡಿನಲ್ಲಿ ಉಸಿರಾಟದಂತೆ ಹಿಗ್ಗಿ ಕುಗ್ಗುವ, ಹೆಬ್ಬೆರಳಿನಷ್ಟು ಉದ್ದದ ಶ್ವಾಸಕೋಶದ ಚಿಪ್ ಮಾಡಿದರು. ಅದಕ್ಕೆ ಯಕೃತ್ತಿಲ್ಲ, ಹೃದಯವಿಲ್ಲ, ಮೂವತ್ತು ವರ್ಷದ ಆಯುಸ್ಸೂ ಇಲ್ಲ. ಪ್ರತಿಯೊಂದು ಮಾದರಿಯೂ ಏನಾದರೊಂದನ್ನು ಬಿಟ್ಟಿರುತ್ತದೆ. ಮೂರ್ನಾಲ್ಕು ಬೇರೆ ಬೇರೆ ದಾರಿಯಿಂದ ಹೋದರೂ ಒಂದೇ ಮನೆಗೆ ಮುಟ್ಟಿದರೆ ಆಗ ನಂಬುತ್ತೇವೆ.

ಮಾಲಿನ್ಯ ಡಿಎನ್‌ಎ ಕೆಡಿಸದೆಯೂ ಕ್ಯಾನ್ಸರ್ ತರುತ್ತದೆ ಅಂತ ಓದಿದೆ. ಅದು ಹೇಗೆ ಸಾಧ್ಯ?

ಇತ್ತೀಚಿನ ವರ್ಷಗಳಲ್ಲಿ ನಮ್ಮ ಕ್ಷೇತ್ರವನ್ನು ಹೆಚ್ಚು ಅಲುಗಾಡಿಸಿದ ಕೆಲಸ ಇದು. ಲಂಡನ್ನಿನ ಕ್ರಿಕ್ ಸಂಸ್ಥೆಯ ಚಾರ್ಲ್ಸ್ ಸ್ವಾಂಟನ್ ತಂಡ 2023ರಲ್ಲಿ ಪ್ರಕಟಿಸಿತು. 295 ಜನರ ಶ್ವಾಸಕೋಶದಿಂದ, ನೋಡಲು ಆರೋಗ್ಯವಾಗಿಯೇ ಇದ್ದ ಅಂಗಾಂಶದ ಡಿಎನ್‌ಎಯನ್ನು ಬಹಳ ಆಳವಾಗಿ ಓದಿದರು. ಶೇ. 18ರಷ್ಟು ಮಾದರಿಗಳಲ್ಲಿ ಇಜಿಎಫ್‌ಆರ್ ತಪ್ಪು, ಶೇ. 53ರಲ್ಲಿ ಕೆರಾಸ್ ಎಂಬ ಜೀನಿನ ತಪ್ಪು ಆಗಲೇ ಇತ್ತು, ಆ ಅಂಗಾಂಶದಲ್ಲಿ ಕ್ಯಾನ್ಸರ್ ಇರಲಿಲ್ಲ. ವಯಸ್ಸಾದಂತೆ ಇಂಥ ಬೀಜಗಳು ತಾವಾಗಿ ಬೀಳುತ್ತವೆ, ಹೆಚ್ಚಿನವು ಮೊಳೆಯದೆ ಮಲಗಿರುತ್ತವೆ.

ಅಂಥ ತಪ್ಪು ಇರುವ ಇಲಿಗಳಿಗೆ ಪಿಎಂ 2.5 ಕೊಟ್ಟಾಗ ಗಡ್ಡೆ ಹೆಚ್ಚಾಯಿತು, ಹೊಸ ಡಿಎನ್‌ಎ ತಪ್ಪುಗಳು ಹೆಚ್ಚಲಿಲ್ಲ. ಕಣಗಳನ್ನು ನುಂಗಿದ ಕಾವಲು ಜೀವಕೋಶಗಳು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂಕೇತ ಬಿಟ್ಟು ಮಲಗಿದ್ದ ಬೀಜವನ್ನು ಎಬ್ಬಿಸಿದ್ದವು. ಆ ಸಂಕೇತಕ್ಕೆ ಅಡ್ಡ ಹಾಕಿದಾಗ ಗಡ್ಡೆ ಕಡಿಮೆಯಾಯಿತು. ಮೊದಲ ಮಳೆಗೆ ಅಂಗಳದ ಹುಲ್ಲು ಏಳುತ್ತದಲ್ಲ, ಬೀಜ ತಂದು ಹಾಕಿದ್ದು ಮಳೆಯಲ್ಲ. ಬೀಜ, ಎಬ್ಬಿಸುವಿಕೆ ಎಂಬ ಎರಡು ಹಂತದ ವಿಚಾರವನ್ನು ಬೆರೆನ್‌ಬ್ಲಮ್ 1940ರ ದಶಕದಲ್ಲೇ ಇಲಿಯ ಚರ್ಮದಲ್ಲಿ ತೋರಿಸಿದ್ದರು. ಅದು ಗಾಳಿಯ ಮಾಲಿನ್ಯಕ್ಕೂ ಸರಿಯಾಗಿ ಕೂತಿತು. ಇಲ್ಲಿ ಒಂದು ಪರಿಣಾಮವಿದೆ: ಡಿಎನ್‌ಎ ಕೆಡಿಸುತ್ತದೆಯೇ ಎಂದು ಮಾತ್ರ ನೋಡಿ, ಇಲ್ಲ ಎಂದಾದರೆ ಸರಿ ಎನ್ನುವ ಹಳೆಯ ಪರೀಕ್ಷೆಗಳಿಂದ ಇಂಥವು ತಪ್ಪಿಸಿಕೊಂಡಿರುತ್ತವೆ.

ಅಪ್ಪನಿಗೆ ಯಾವುದರಿಂದ ಬಂತು ಎಂದು ಗಡ್ಡೆ ಪರೀಕ್ಷಿಸಿ ಹೇಳಲಿಕ್ಕಾಗುತ್ತದಾ?

ಬಹಳ ಸಲ ಬಂದ ಪ್ರಶ್ನೆ, ಬಹಳ ಕಷ್ಟದ್ದು. ಕೆಲವು ವಸ್ತುಗಳು ಡಿಎನ್‌ಎ ಮೇಲೆ ತಮ್ಮ ಕೈಬರಹ ಬಿಡುತ್ತವೆ. ತಂಬಾಕಿನ ಹೊಗೆಯದು ಸ್ಪಷ್ಟ. ಬೂಷ್ಟಿನ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿನಲ್ಲಿ ಪಿ53ರ 249ನೇ ಸ್ಥಾನದಲ್ಲಿ ಸಹಿ ಹಾಕಿ ಹೋಗುತ್ತದೆ. ಆದರೆ ಉರಿಯೂತದ ಮೂಲಕ ಕೆಲಸ ಮಾಡುವ ಸಿಲಿಕಾ, ಆಸ್ಬೆಸ್ಟಾಸ್‌ಗಳಿಗೆ ಅಷ್ಟು ಸ್ಪಷ್ಟ ಕೈಬರಹವಿಲ್ಲ. ನಿಮ್ಮ ಅಪ್ಪ ಯೌವನದಲ್ಲಿ ಬೀಡಿ ಸೇದಿ, ನಲವತ್ತು ವರ್ಷ ಮದ್ದು ಬಿಟ್ಟು, ದಿನಾ ಒಲೆಯ ಎದುರು ಕೂತವರು. ಲ್ಯಾಬು ಹೇಳುವುದು ಈ ವಸ್ತುವಿಗೆ ಅದನ್ನು ಮಾಡುವ ಶಕ್ತಿ ಇದೆಯೇ, ಯಾವ ದಾರಿಯಲ್ಲಿ ಎಂದು. ನೀವು ಕೇಳುವುದು ಅಪ್ಪನಿಗೆ ಇದೇ ಮಾಡಿತೇ ಎಂದು. ಎರಡೂ ಒಂದೇ ಎಂದು ನಂಬಿಸುವವರು ಸಿಕ್ಕರೆ ಎಚ್ಚರ.

ನಲವತ್ತು ವರ್ಷ ಸೇದಿದವ ಈಗ ಬಿಟ್ಟು ಏನು ಲಾಭ?

2020ರಲ್ಲಿ ಬಂದ ಒಂದು ಅಧ್ಯಯನ ನಮಗೂ ಆಶ್ಚರ್ಯ ತಂದಿತು. ಬಿಟ್ಟವರ ಶ್ವಾಸನಾಳದಲ್ಲಿ, ಸೇದದವರಷ್ಟೇ ಶುದ್ಧ ಡಿಎನ್‌ಎ ಇರುವ ಜೀವಕೋಶಗಳು ಸೇದುತ್ತಲೇ ಇರುವವರಿಗಿಂತ ನಾಲ್ಕು ಪಟ್ಟು ಹೆಚ್ಚು ಇದ್ದವು. ಕೆಟ್ಟವು ರಿಪೇರಿಯಾದದ್ದಲ್ಲ, ಎಲ್ಲೋ ಉಳಿದಿದ್ದ ಒಳ್ಳೆಯವು ಹಬ್ಬಿಕೊಂಡವು. ಗಾಳಿಗೂಡು ಹರಿದಿದ್ದರೆ ಅದು ಮಾತ್ರ ಮರಳಿ ಬರುವುದಿಲ್ಲ.

ಆಸ್ಪತ್ರೆಯಲ್ಲಿ ಸಂಶೋಧನೆಗೆ ಅಂತ ಸಹಿ ಹಾಕಿಸಿಕೊಂಡರು. ಮಲೆಯಾಳದಲ್ಲಿತ್ತು, ಓದಲು ಬರಲಿಲ್ಲ.

ಗಡಿಯಲ್ಲಿ ಹುಟ್ಟಿದ ನಮಗೆ ಇದು ಹೊಸತಲ್ಲ. ನನ್ನ ಚಿಕ್ಕಪ್ಪನೂ ಹಾಗೇ ಸಹಿ ಹಾಕಿದವರು. ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸುವುದು ಅವರ ಕರ್ತವ್ಯ, ಉಪಕಾರವಲ್ಲ. ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿ. ತೆಗೆದ ತುಂಡನ್ನು ಎಷ್ಟು ವರ್ಷ ಇಡುತ್ತಾರೆ, ಹೆಸರು ಅಳಿಸುತ್ತಾರೆಯೇ, ಮನಸ್ಸು ಬದಲಾದರೆ ವಾಪಸ್ ಪಡೆಯಬಹುದೇ ಎಂಬ ಮೂರು ಕೇಳಿ. ಬೇಡ ಎಂದರೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. ತಿಳಿದು ಒಪ್ಪಿದರೆ ಒಳ್ಳೆಯದೇ. ನಮ್ಮ ಪೆಟ್ಟಿಗೆಯಲ್ಲಿ ಬೆಳೆಯುವುದು ಹಾಗೆ ಯಾರೋ ಕೊಟ್ಟದ್ದೇ.

ನಮ್ಮ ತೋಟದ ಧೂಳು ಕಳಿಸಿದರೆ ಪರೀಕ್ಷೆ ಮಾಡಿ ಹೇಳುವಿರಾ?

ಬದಿಯಡ್ಕ ಕಡೆಯ ಒಬ್ಬರು ಮಾವ ಕೇಳದೆಯೇ ಕಳಿಸಿದರು. ಹಾರ್ಲಿಕ್ಸ್ ಬಾಟ್ಲಿಯ ತುಂಬ, ಸುಲಿಯುವ ಮಿಶನಿನ ಕೆಳಗಿಂದ ಗುಡಿಸಿದ್ದು, ಮುಚ್ಚಳಕ್ಕೆ ಸುತ್ತ ಟೇಪು. ಗುಡಿಸಿದ ಧೂಳು ಎಂದರೆ ನೆಲಕ್ಕೆ ಬಿದ್ದ ಧೂಳು, ಮೂಗಿಗೆ ಹೋಗದೆ ಉಳಿದದ್ದು. ನಮಗೆ ಬೇಕಾದ್ದು ಗಾಳಿಯಲ್ಲಿ ತೇಲುತ್ತಿದ್ದದ್ದು. ಅದಕ್ಕೆ ಕೆಲಸ ಮಾಡುವವರ ಸೊಂಟಕ್ಕೆ ಪಂಪು ಕಟ್ಟಿ, ಕಾಲರಿಗೆ ತೂಕ ನೋಡಿದ ಫಿಲ್ಟರ್ ಸಿಕ್ಕಿಸಿ, ಎಷ್ಟು ಹೊತ್ತು, ಎಷ್ಟು ಲೀಟರ್ ಗಾಳಿ ಎಂದು ಬರೆದು, ತಂಪಿನಲ್ಲಿಟ್ಟು ತರಬೇಕು. ಸುಲಿಯುವ ದಿನ ಎರಡು ವಾರ ಮೊದಲೇ ತಿಳಿಸಿದರೆ ಪಂಪು ಹಿಡಿದು ನಾನೇ ಬರುತ್ತೇನೆ, ಸೊಂಟಕ್ಕೆ ಕಟ್ಟಿಕೊಳ್ಳಲು ಒಬ್ಬರು ಒಪ್ಪಿದರೆ ಸಾಕು. ಮಾವನ ಬಾಟ್ಲಿ ನನ್ನ ಮೇಜಿನ ಮೇಲಿದೆ. ಮೇಲ್ಪದರದಲ್ಲಿ ಈಗ ಹಸಿರು ಬೂಷ್ಟು ಬಂದಿದೆ, ಟೇಪು ಬಿಚ್ಚಲು ನಮ್ಮಲ್ಲಿ ಯಾರೂ ತಯಾರಿಲ್ಲ.